ಮೊಳ ಉದ್ದದ ಶಬ್ದ

ನಮ್ಮ ಮಗ ಎಂಟನೇ ಇಯತ್ತೆದಾಗ ಇದ್ದಾಗ ಅವರ ಸಾಲ್ಯಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಸ್ಪರ್ಧಾ ಇಟ್ಟಿದ್ರು. ಒಂದು ತಿಂಗಳು ಮನಿತುಂಬ ಅದ ಗದ್ದಲ. ನಾನು ಪಡಸಾಲ್ಯಾಗ ಚವಳಿಕಾಯಿ ಮುರಕೋತ ಕೂತಿರಬೇಕು, ಅಂವ ನೋಟಬುಕ್ ತಂದು ತೊಡಿಮ್ಯಾಲೆ ಇಟ್ಟು, "ಅಮ್ಮಾ, ನಾ ಹೇಳ್ತೇನಿ, ನೀ ಬರೇ ಅಕ್ಷರ ನೋಡ್ಕೋ. ಅರ್ಥ ನಿನಗ ತಿಳಿಯೂದಿಲ್ಲ ಬಿಡು" ಅಂತಿದ್ದ. ಕನ್ನಡ ಸಾಲ್ಯಾಗ ಕಲತಾಕಿ ನಾನು. ಮಾತು ಖರೇನ, ಆದ್ರೂ ಚುಚ್ಚತು.

ಅವನ ಯಾದ್ಯಾಗ ಮೊದಲನೇದ್ದು ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್. 29 ಅಕ್ಷರ! 2018ರಾಗ ಶಶಿ ತರೂರ್ ಟ್ವಿಟರ್‌ನಾಗ ಬರದು ದೇಶದ ಮಂದೀನ್ನೆಲ್ಲಾ ಡಿಕ್ಷನರಿ ಹುಡುಕಲಿಕ್ಕೆ ಹಚ್ಚಿದ್ರಲ್ಲಾ, ಅದ. ಮಗ ಅರ್ಧಕ್ಕ ಬಂದು ಉಸಿರುಗಟ್ಟಿ ನಿಲ್ಲೂದು, ಮತ್ತ ಮೊದಲಿಂದ ಶುರು. "ಚವಳಿಕಾಯಿ ಇಡೀದು ನುಂಗಲಿಕ್ಕೆ ಬರ್ತದೇನು? ಮುರದು ಹಾಕೋ" ಅಂದೆ. ಇಬ್ರೂ ಕೂತು ಮುರದ್ವಿ. ಫ್ಲಾಕ್ಸಿ ಅಂದ್ರ ಉಣ್ಣಿ ಎಳಿ, ನಾಸಿ ಅಂದ್ರ ಕ್ಷುಲ್ಲಕ, ನಿಹಿಲಿ ಅಂದ್ರ ಏನೂ ಇಲ್ಲದ್ದು, ಪಿಲಿ ಅಂದ್ರ ಒಂದು ಕೂದಲಾ. ಬೆಲಿ ಇಲ್ಲಾ ಅನ್ನಲಿಕ್ಕೆ ಲ್ಯಾಟಿನ್‌ದಾಗ ಇರೋ ನಾಕು ಮಾತು, ಸಾಲಾಗಿ ಪೋಣಿಸಿ ಒಂದ ಶಬ್ದ. ಯಾವದನ್ನಾದ್ರೂ ಕವಡಿ ಕಿಮ್ಮತ್ತಿಲ್ಲದ್ದು ಅಂತ ಎಣಿಸೂದಕ್ಕ ಇದು ಹೆಸರು. ನಮ್ಮಲ್ಲಿ ಇಲ್ಲೇನು? ಕವಡಿ, ಕಾಲಕಸ, ಹುಲ್ಲಕಡ್ಡಿ. ಮೂರೂ ಕೂಡಿಸಿ "ಕವಡಿಕಾಲಕಸಹುಲ್ಲಕಡ್ಡೀಕರಣ" ಅಂದೆ. ಮಗ ಬಿದ್ದುಬಿದ್ದು ನಕ್ಕ. ಆಮ್ಯಾಲೆ ಆ ಶಬ್ದ ತಪ್ಪಲಿಲ್ಲ.

ಆ ನಿಹಿಲಿ ಮಾತ್ರ ನನ್ನ ತಲ್ಯಾಗ ಕೂತು ಬಿಡ್ತು. ಇಂಗ್ಲಿಷ್ ನಿಲ್ ಬಂದದ್ದು ಅಲ್ಲಿಂದನ. ಸಾಲಿ ಫಾರ್ಮಿನ್ಯಾಗ ತಾಯಿ ಉದ್ಯೋಗ ಅನ್ನೋ ಜಾಗಾದಾಗ ನಮ್ಮನಿಯವರು ಬರಿಯೂದು ಅದನ್ನ.

ಉದ್ದ ಶಬ್ದ ಕಂಡ್ರ ಅಂಜೂದಕ್ಕೂ ಒಂದು ಉದ್ದ ಶಬ್ದ ಅದ. ಹೆದರಿದವರನ್ನ ಇನ್ನಷ್ಟು ಹೆದರಸಲಿಕ್ಕೆ ಯಾರೋ ಚ್ಯಾಷ್ಟಿಗೆ ಮಾಡಿದ್ದು. ಅದರ ನಡುವ ಸೆಸ್ಕ್ವಿಪೆಡಾಲಿಯ ಅಂತ ಬರ್ತದ, ಒಂದೂವರೆ ಅಡಿ ಉದ್ದಂದು ಅಂತ ಅರ್ಥ. ಡೌಲಿನ ಶಬ್ದಗಳಿಗೆ ಲ್ಯಾಟಿನ್ ಕವಿ ಹೊರೇಸ್ ಇಟ್ಟ ಹೆಸರು. ಒಂದೂವರೆ ಅಡಿ ಅಂದ್ರ ಎಷ್ಟಾತ್ರಿ? ನಮ್ಮ ಮೊಳ! (ನಮ್ಮ ಓಣಿ ಹೂವಿನಾಕಿ ಮೊಳ ಅಲ್ಲ, ಅದು ಯಾವಾಗ್ಲೂ ನಾಕು ಬಟ್ಟು ಕಮ್ಮಿ.) ಇನ್ನೊಂದು 45 ಅಕ್ಷರದ್ದು, ನ್ಯುಮೊನೊ ಅಂತ ಶುರು ಆಗಿ ಕೊನಿಯೋಸಿಸ್ ಅಂತ ಮುಗಿತದ. ಅಮೆರಿಕಾದ ಒಗಟಿನ ಮಂದಿ 1935ರಾಗ ಬೇಕಂತನ ಉದ್ದ ಮಾಡಿದ್ದು. ಹೆಸರು ಆಟದ್ದು, ಬ್ಯಾನಿ ಆಟದ್ದಲ್ಲ. ಕಲ್ಲಿನ ಸಣ್ಣ ಧೂಳು ಪುಪ್ಪುಸದಾಗ ಕೂಡೂದು. ಕಲ್ಲು ಒಡದು ಹೊಟ್ಟಿ ಹೊರಿಯೋ ಮಂದಿಗೆ ಇವತ್ತಿಗೂ ಬರ್ತದ.

ಅದ ಶ್ರಾವಣದಾಗ ನಮ್ಮತ್ತಿಯವರಿಗೆ ಹೋಳಿಗಿ ತುಪ್ಪ ಉಂಡ ರಾತ್ರಿ ಬಲಗಡೆ ಪಕ್ಕಡಿ ಕೆಳಗ ತಡಕೊಳ್ಳಲಾರದಂಥಾ ನೋವು. ಸ್ಕ್ಯಾನ್ ಮಾಡಿಸಿದ್ವಿ. ರಿಪೋರ್ಟ್ ಸಂಜೀಗೆ ಬಂತು, ಡಾಕ್ಟರ್ ಸಿಗೂದು ಮರುದಿನ ಹತ್ತಕ್ಕ. ಇವರು ಪಾಕೀಟು ಒಡದು ಜೋರಾಗಿ ಓದಲಿಕ್ಕೆ ಹೋಗಿ, "ಕೊಲೆ..." ಅಂದು ನಿಂತು ಬಿಟ್ರು. ಮುಂದಿಂದು ಬಾಯಾಗ ಹೊಳ್ಳಲಿಲ್ಲ. ಅತ್ತಿಗೆ ಕೇಳಿಸಿದ್ದು ಅಷ್ಟ. ಊಟ ಬ್ಯಾಡಂದು ಮಲಕೊಂಡ್ರು. ರಾತ್ರಿ ನನ್ನ ಕರದು, "ಪಾಟ್ಲಿ ನಿನಗ, ಬಿಲ್ವಾರ ನನ್ನ ಮಗಳಿಗೆ. ಜಗಳಾಡಬ್ಯಾಡ್ರಿ" ಅಂದ್ರು.

ನನ್ನ ಕೈಕಾಲಾಗಿನ ಶಕ್ತಿನ ಹೋತು. ನಮ್ಮವ್ವಗ ಹಿಂಗ ಏನೋ ಒಂದು ಉದ್ದ ಹೆಸರಿನ ಬ್ಯಾನಿ ಬಂದಿತ್ತು. ಅರ್ಥ ಅಕಿಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಹೆಸರು ನನಗ ಇವತ್ತಿಗೂ ಗೊತ್ತಿಲ್ಲ.

ಎದ್ದು ಹೋಗಿ ಮಗನ ನೋಟಬುಕ್ ತಂದೆ. ಹಿಂದಿನ ಹಾಳ್ಯಾಗ ಅವನ ಟೀಚರ್ ಗ್ರೀಕ್ ತುಂಡು ಬರಸಿದ್ರು. ಹೆಪಟೊ ಯಕೃತ್ತು, ನೆಫ್ರೊ ಕಿಡ್ನಿ, ಐಟಿಸ್ ಬಾವು. ರಿಪೋರ್ಟಿನ್ಯಾಗ ಇದ್ದದ್ದು ಕೊಲೆಲಿಥಿಯಾಸಿಸ್. ಬಟ್ಟಿಟ್ಟು ಮುರದೆ. ಕೊಲೆ ಅಂದ್ರ ಪಿತ್ತ. ಲಿಥ್ ಅಂದ್ರ ಕಲ್ಲು. ಇಯಾಸಿಸ್ ಅಂದ್ರ ಅಂಥಾದ್ದು ಆಗೇದ ಅಂತ.

"ಅತ್ಯಾ, ಪಿತ್ತದ ಚೀಲದಾಗ ಕಲ್ಲು ಆಗ್ಯಾವರಿ. ಕೊಲಿ ಅಲ್ಲ, ಪಿತ್ತ. ಕೊಲೆಸ್ಟ್ರಾಲ್‌ದಾಗೂ ಇದ ಕೊಲೆ ಅದ."

"ಬರೇ ಕಲ್ಲೇನ?"

"ಈ ಕಾಗದಾ ಹೇಳೂದು ಅಷ್ಟರಿ. ಉಳದದ್ದು ನಾಳೆ ಡಾಕ್ಟರ್ ಹೇಳ್ತಾರ."

ಸುಮ್ಮನ ಮ್ಯಾಲೆ ನೋಡಿಕೋತ ಮಲಗಿದ್ರು. ಆಮ್ಯಾಲೆ, "ಹಂಗಾರ ಒಂದೀಟು ಮಜ್ಜಿಗಿ ಅನ್ನಾ ಕಲಸು" ಅಂದ್ರು.

ಮರುದಿನ ಡಾಕ್ಟರ್ ಕೊಲೆಸಿಸ್ಟೆಕ್ಟಮಿ ಮಾಡಬೇಕಂದ್ರು. ಅತ್ತಿ ನನ್ನ ಮಾರಿ ನೋಡಿದ್ರು. ಸಿಸ್ಟ್ ಚೀಲ, ಎಕ್ಟಮಿ ಕೊಯ್ದು ತಗಿಯೂದು ಅಂದೆ. ಡಾಕ್ಟರ್ ಬರಿಯೂದು ನಿಲ್ಲಿಸಿ, "ನೀವು ನರ್ಸ್ ಏನ್ರಿ?" ಅಂತ ಕೇಳಿದ್ರು. ನಮ್ಮನಿಯವರು ಉತ್ತರ ಕೊಡಲಿಕ್ಕೆ ಬಾಯಿ ತಗದವರು ಮತ್ತ ಮುಚ್ಚಿದ್ರು.

ಹೊಟ್ಟಿಗೆ ನಾಕು ಸಣ್ಣ ತೂತು ಹಾಕಿ ತಗದ್ರು. ಮಗ ಸ್ಪರ್ಧಾದಾಗ ಮೊಳದ ಶಬ್ದ ಎಲ್ಲಾ ದಾಟಿ, ರಿದಮ್ ಅನ್ನೋ ಆರಕ್ಷರದ್ದಕ್ಕ ಎಡವಿ ಬಂದ. ಕಲ್ಲು ಒಂದು ಬಾಟ್ಲ್ಯಾಗ ಹಾಕಿ ಕೊಟ್ಟಿದ್ರು, ಅತ್ತಿ ಕಪಾಟಿನಾಗ ಇಟ್ಕೊಂಡಾರ. ಮಾತಾಡಸಲಿಕ್ಕೆ ಬಂದವರಿಗೆಲ್ಲಾ ತಗದು ತೋರಸ್ತಾರ. "ನನಗ ಕೊಲೆ ಆಗಿತ್ತವಾ. ಮುಂದಿಂದು ಏನೋ ಉದ್ದಂದದ, ನಮ್ಮ ಸೊಸಿನ್ನ ಕೇಳು, ಅಕಿಗೆ ಬರ್ತದ."