ರೇಡಿಯೊ ಕೇಳಿದ ಪ್ರಶ್ನೆ

ಜುಲೈ ತಿಂಗಳ ಒಂದು ಭಾನುವಾರ. ಹೊರಗೆ ಜೋರು ಮಳೆ. ಬಲಿಪೂಜೆಗೆ ಹೊರಡೋಣವೆಂದು ಕಾರಿನ ಕೀ ತಿರುಗಿಸಿದರೆ 'ಟಿಕ್ ಟಿಕ್' ಸದ್ದು ಬಿಟ್ಟು ಬೇರೇನೂ ಇಲ್ಲ. ಬ್ಯಾಟರಿ ಪೂರ್ತಿ ಇಳಿದಿತ್ತು. ಅಂದು ಅಮ್ಮನನ್ನು ಆಟೋದಲ್ಲಿ ಇಗರ್ಜಿಗೆ ಕರೆದುಕೊಂಡು ಹೋದೆವು.

ಮರುದಿನ ಮೆಕ್ಯಾನಿಕ್ ಬಂದು ಹೊಸ ಬ್ಯಾಟರಿ ಕೂರಿಸಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ರೇಡಿಯೊ ಹಾಕಿದರೆ ಹಾಡೂ ಇಲ್ಲ, ವಾರ್ತೆಯೂ ಇಲ್ಲ. ಪುಟ್ಟ ಪರದೆಯ ಮೇಲೆ ಒಂದೇ ಪದ: 'ಕೋಡ್'.

ಕಾರು ಪಪ್ಪನದು. ಕಳೆದ ನವೆಂಬರಿನಲ್ಲಿ ಪಪ್ಪ ತೀರಿಕೊಂಡ ಮೇಲೆ ನಾವು ಅಕ್ಕ-ತಮ್ಮ ಇಬ್ಬರೇ ಅದನ್ನು ಓಡಿಸುತ್ತಿದ್ದೇವೆ. ಪಪ್ಪ ಇದ್ದಾಗ ಆ ರೇಡಿಯೊ 100.3ರಲ್ಲೇ ಇರುತ್ತಿತ್ತು, ಮಂಗಳೂರು ಆಕಾಶವಾಣಿ. ಕಾಸರಗೋಡಿನ ನಮಗೆ ಕಚೇರಿಯ ಅರ್ಜಿ, ಬಸ್ಸಿನ ಬೋರ್ಡು ಎಲ್ಲ ಮಲಯಾಳದಲ್ಲಿ. ಕಾರಿನೊಳಗೆ ಮಾತ್ರ ಕನ್ನಡ ವಾರ್ತೆ. ಅಮ್ಮನಿಗೂ ಅದೇ ಅಭ್ಯಾಸ. "ರೇಡಿಯೊ ಇಲ್ಲದೆ ಕಾರು ಮೂಕಿಯ ಹಾಗಿದೆ, ಬೇಗ ಸರಿ ಮಾಡ್ಸಿ ಮಕ್ಳೇ," ಎಂದರು.

ಕಂಪೆನಿಯಿಂದಲೇ ಕೂರಿಸಿ ಬರುವ ಹಲವು ರೇಡಿಯೊಗಳಿಗೆ ಇಂಥ ಬೀಗ ಇರುತ್ತದೆ. ಹಿಂದೆ ಗಾಜು ಒಡೆದು ಕಾರಿನ ಸ್ಟೀರಿಯೊ ಕದಿಯುವವರು ಬಹಳ ಇದ್ದರು. ಅದಕ್ಕೆ ಕಂಪೆನಿಗಳು ಮಾಡಿದ ಉಪಾಯ ಇದು. ಕರೆಂಟ್ ಒಮ್ಮೆ ತಪ್ಪಿದರೆ ಸಾಕು, ಯಾರೋ ತನ್ನನ್ನು ಕಿತ್ತುಕೊಂಡು ಹೋಗಿದ್ದಾರೆ ಎಂದೇ ರೇಡಿಯೊ ತಿಳಿಯುತ್ತದೆ. ಸರಿಯಾದ ಅಂಕೆ ಒತ್ತುವ ತನಕ ಬಾಯಿ ಬಿಡುವುದಿಲ್ಲ. ಬ್ಯಾಟರಿ ಬದಲಿಸಿದವರು ಯಜಮಾನನ ಮಕ್ಕಳೋ ಕಳ್ಳರೋ, ಅದಕ್ಕೆ ಹೇಗೆ ಗೊತ್ತಾಗಬೇಕು?

ನಾವು ಮೊದಲು ಊಹೆ ಮಾಡಿದೆವು. ಪಪ್ಪ ಹುಟ್ಟಿದ ವರ್ಷ ಒತ್ತೋಣವೆಂದರೆ ಗುಂಡಿಗಳು ಇರುವುದು 1ರಿಂದ 6ರ ತನಕ ಮಾತ್ರ, ವರ್ಷದಲ್ಲಿ 9 ಇದೆ! ಮನೆ ನಂಬರು, ಫೋನ್ ನಂಬರಿನ ತುಂಡು, ಬಾಯಿಗೆ ಬಂದದ್ದೆಲ್ಲ ಒತ್ತಿದೆವು. ಆಮೇಲೆ ತಿಳಿಯಿತು: ಈ ಕೋಡ್ ನಾವು ಇಟ್ಟುಕೊಳ್ಳುವುದಲ್ಲ, ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಊಹೆಗೂ ಮಿತಿ ಇದೆ. ಹೋಂಡಾದ ಹಳೆಯ ಸೆಟ್‌ಗಳಲ್ಲಿ 10 ಸಲ ತಪ್ಪಿದರೆ, ರೇಡಿಯೊವನ್ನು ಆನ್ ಮಾಡಿಯೇ ಇಟ್ಟು ಒಂದು ಗಂಟೆ ಕಾದ ಮೇಲಷ್ಟೇ ಮತ್ತೆ ಒತ್ತಲು ಬಿಡುತ್ತದೆ.

ಕೋಡ್ ಬೇಕಾದರೆ ಮೊದಲು ರೇಡಿಯೊದ ಸೀರಿಯಲ್ ನಂಬರು ಬೇಕು. ಅದಕ್ಕಾಗಿ ಸೆಟ್ ಬಿಚ್ಚಬೇಕಾಗಿಲ್ಲ. ಹಲವು ಕಾರುಗಳಲ್ಲಿ 1 ಮತ್ತು 6ರ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಪರದೆಯ ಮೇಲೆಯೇ ಕಾಣುತ್ತದೆ. ಹೋಂಡಾದಲ್ಲಿ ರೇಡಿಯೊ ಆಫ್ ಇರುವಾಗ ಆ ಎರಡನ್ನು ಹಿಡಿದುಕೊಂಡು ಪವರ್ ಗುಂಡಿ ಒತ್ತಬೇಕು. ಫೋರ್ಡ್‌ನ ಹಳೆಯ ಸೆಟ್‌ಗಳಲ್ಲಿ ಎಂ ಅಥವಾ ವಿ ಅಕ್ಷರದಿಂದ ಶುರುವಾಗುವ ನಂಬರು ಬರುತ್ತದೆ. ನಾವೂ ಹಾಗೆ ನೋಡಿ ಬರೆದುಕೊಂಡು ಸರ್ವಿಸ್ ಸೆಂಟರಿಗೆ ಹೋದೆವು.

ಕೌಂಟರಿನಲ್ಲಿದ್ದವರು ನಂಬರು ನೋಡಿ ಕೇಳಿದ ಮೊದಲ ಪ್ರಶ್ನೆ: "ಆರ್‌ಸಿ ಯಾರ ಹೆಸರಿನಲ್ಲಿದೆ?"

"ನಮ್ಮ ಪಪ್ಪನ ಹೆಸರಿನಲ್ಲಿ."

"ಅವರು ಬರ್ಬಹುದಾ?"

ನಾವು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ವಿಷಯ ತಿಳಿಸಿದೆವು. ಅವರು ದನಿ ತಗ್ಗಿಸಿ, "ಹಾಗಾದ್ರೆ ಆರ್‌ಸಿ ನಿಮ್ಮ ಹೆಸರಿಗೆ ಮಾಡ್ಸಿಕೊಂಡು ಬನ್ನಿ. ಯಾರು ಕೇಳಿದ್ರೂ ಕೋಡ್ ಕೊಡ್ಲಿಕ್ಕೆ ಆಗುದಿಲ್ಲ," ಎಂದರು.

ಸಿಟ್ಟು ಬಂತು. ನಮ್ಮದೇ ಕಾರಿಗೆ ನಾವು ಸಾಕ್ಷಿ ಕೊಡಬೇಕೇ ಎಂದು ದಾರಿಯುದ್ದಕ್ಕೂ ಗೊಣಗಿದೆವು. ಮನೆ ಹತ್ತಿರವಾಗುವಷ್ಟರಲ್ಲಿ ಗೊಣಗಾಟ ನಿಂತಿತು. ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಕೇಳಿದವರಿಗೆಲ್ಲ ಕೋಡ್ ಕೊಟ್ಟರೆ ಬೀಗ ಯಾಕೆ?

ನಿಜ ಹೇಳುವುದಾದರೆ ಎಡವಿದ್ದು ನಾವು. ವಾಹನದ ಯಜಮಾನ ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ನಮಗೆ ಎಂಟು ತಿಂಗಳಾಗಿತ್ತು. ಮಾರ್ಚಿನಲ್ಲಿ ಇನ್ಶೂರೆನ್ಸ್ ಮುಗಿದಾಗ ಮೊಬೈಲಿನಲ್ಲಿ ಪಪ್ಪನ ಹೆಸರಿಗೇ ಹಣ ಕಟ್ಟಿ ಸುಮ್ಮನಾಗಿದ್ದೆವು. ಅದೇ ಕಾರಿನಲ್ಲಿ ಯುವಜನರ ಕಾರ್ಯಕ್ರಮಕ್ಕೆಂದು ನಿಮ್ಮಲ್ಲೇ ಕೆಲವರನ್ನು ಕೂರಿಸಿಕೊಂಡು ಮಂಗಳೂರಿಗೂ ಹೋಗಿ ಬಂದಿದ್ದೇವೆ. ದಾರಿಯಲ್ಲಿ ಏನಾದರೂ ಆಗಿದ್ದರೆ? ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಸೋಮಾರಿತನ ಅಂದರೆ ಪೂರ್ತಿ ಸತ್ಯವಲ್ಲ. ಆರ್‌ಸಿಯಿಂದ ಪಪ್ಪನ ಹೆಸರು ತೆಗೆಸುವ ಧೈರ್ಯ ನಮಗಿರಲಿಲ್ಲ. ಅಮ್ಮನ ಎದುರು ಆ ಮಾತು ಎತ್ತುವುದು ಹೇಗೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ದಿನ ದೂಡಿದ್ದೆವು.

ಆ ರಾತ್ರಿ ಊಟ ಆದ ಮೇಲೆ ಹೇಳಿದೆವು. ಅಮ್ಮ ಏನೂ ಮಾತಾಡದೆ ಎದ್ದು ಹೋಗಿ ಕಪಾಟಿನಿಂದ ಪಪ್ಪನ ಫೈಲು ತಂದು ಮೇಜಿನ ಮೇಲಿಟ್ಟರು. "ನೀವು ಕೇಳ್ತೀರಿ ಅಂತ ಕಾಯ್ತಾ ಇದ್ದೆ," ಎಂದರು. ಅಮ್ಮನಿಗೆ ನೋವಾಗುತ್ತದೆಂದು ನಾವು ಸುಮ್ಮನಿದ್ದೆವು, ನಮಗೆ ನೋವಾಗುತ್ತದೆಂದು ಅಮ್ಮ!

ಮೂವರೂ ಕೂತು ಕಾಗದ ಬಿಡಿಸಿದೆವು. ಮರಣ ಪ್ರಮಾಣಪತ್ರ, ಆರ್‌ಸಿ, ಇನ್ಶೂರೆನ್ಸ್. ಕಾರು ಕೊಂಡ ಬಿಲ್ಲಿನ ಹಿಂದೆ ಪಿನ್ನು ಚುಚ್ಚಿ ಇಟ್ಟಿದ್ದ ಒಂದು ಸಣ್ಣ ಕಾರ್ಡು. ಮೇಲೆ ಸೀರಿಯಲ್ ನಂಬರು, ಕೆಳಗೆ ಐದು ಅಂಕೆ. ಪಕ್ಕದಲ್ಲಿ ಪಪ್ಪನ ಅಕ್ಷರ: 'ರೇಡಿಯೊ. ಮನೆಯಲ್ಲೇ ಇರಲಿ.'

ಆಗಲೇ ಟಾರ್ಚ್ ಹಿಡಿದು ಅಂಗಳಕ್ಕೆ ಓಡಿದೆವು. ಐದು ಅಂಕೆ ಒತ್ತಿದ ಕೂಡಲೇ ಗರಗರ ಸದ್ದು ಬಂತು. ಹಿಂದೆ ಸೇವ್ ಮಾಡಿದ್ದ ಸ್ಟೇಷನ್‌ಗಳೆಲ್ಲ ಅಳಿಸಿಹೋಗಿದ್ದವು. ಹುಡುಕಿ 100.3ಕ್ಕೆ ತಂದು ಒಂದನೇ ಗುಂಡಿಗೆ ಕೂರಿಸಿದವರು ಅಮ್ಮ.

ಕೋಡ್ ಸಿಕ್ಕಿತು, ಇನ್ನು ಆರ್‌ಸಿ ಯಾಕೆ ಎಂದು ನಾವು ಮತ್ತೆ ಮುಂದೂಡಲಿಲ್ಲ. ಆ ವಾರವೇ ಫಾರ್ಮ್ 31 ತುಂಬಿದೆವು. ಕಾರು ಈಗ ಅಮ್ಮನ ಹೆಸರಿನಲ್ಲಿದೆ, ಇನ್ಶೂರೆನ್ಸೂ ಹಾಗೆಯೇ.

ಗೆಳೆಯರೇ, ಇವತ್ತು ಮನೆಯವರೆಲ್ಲ ಒಟ್ಟಿಗೆ ಇರುವಾಗ ಹತ್ತು ನಿಮಿಷ ಕೂತು ನೋಡಿ. ನಿಮ್ಮ ಬೈಕು, ಕಾರು ಯಾರ ಹೆಸರಿನಲ್ಲಿದೆ? ಇನ್ಶೂರೆನ್ಸ್ ಯಾರದು? ರೇಡಿಯೊ ಕೋಡ್ ಇದ್ದರೆ ಕಾರಿನಲ್ಲಿ ಬಿಡಬೇಡಿ, ಮನೆಯ ಫೈಲಿನಲ್ಲಿ ಬರೆದಿಡಿ. ಕೇಳಲು ಕಷ್ಟವಾಗುವ ಮಾತೊಂದು ಮನೆಯಲ್ಲಿ ಉಳಿದಿದ್ದರೆ ಅದನ್ನೂ ಕೇಳಿಬಿಡಿ. ಆಚೆ ಬದಿಯಲ್ಲೂ ಯಾರೋ ಕಾಯುತ್ತಿರಬಹುದು.