ಕೇಳಿಸದ ಕಿವಿಯ ಮುಂದೆ

ನಮ್ಮ ಹಿರಿಯರು ‘ಭಯಭಕ್ತಿ’ ಎಂಬುದನ್ನು ಒಂದೇ ಪದವೆಂಬಂತೆ ಬಳಸುತ್ತಿದ್ದರು. ಇಂದು ನಾವು ಭಕ್ತಿಯನ್ನು ಇರಿಸಿಕೊಂಡು ಭಯವನ್ನು ಮೆಲ್ಲನೆ ಬದಿಗೆ ಸರಿಸಿದ್ದೇವೆ. ಪವಿತ್ರಾತ್ಮರ ಏಳು ವರದಾನಗಳಲ್ಲಿ ಕೊನೆಯದಾದ ದೇವಭಯವನ್ನು ವಿವರಿಸುವಾಗ, ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುವ ಮಕ್ಕಳು, “ದೇವರು ತಂದೆಯಲ್ಲವೇ ಫಾದರ್, ಭಯವೇಕೆ?” ಎನ್ನುವುದುಂಟು. ಪ್ರಶ್ನೆ ನ್ಯಾಯವಾದದ್ದೇ.

ಯೆಶಾಯನ ಗ್ರಂಥದ 11ನೇ ಅಧ್ಯಾಯದ ಹೀಬ್ರೂ ಮೂಲದಲ್ಲಿರುವುದು ಆರೇ ವರದಾನಗಳು; ದೇವಭಯ ಅಲ್ಲಿ ಎರಡು ಬಾರಿ ಬರುತ್ತದೆ. ಗ್ರೀಕ್ ಅನುವಾದಕರು ಅದನ್ನು ಮೊದಲ ಸಲ ‘ಭಕ್ತಿ’ ಎಂದೂ ಎರಡನೆಯ ಸಲ ‘ಭಯ’ ಎಂದೂ ಬರೆದರು. ಲತೀನ್ ಬೈಬಲ್ ಅದೇ ಜಾಡಿನಲ್ಲಿ ನಡೆಯಿತು. ಹೀಗೆ ಆರು ಏಳಾಯಿತು. ನಮ್ಮ ಹಳ್ಳಿಯ ಅಜ್ಜಿಯರು ಹೀಬ್ರೂ ಕಲಿತವರಲ್ಲ. ಆದರೂ ಒಂದೇ ಬೇರಿನ ಆ ಎರಡು ಚಿಗುರುಗಳನ್ನು ಮತ್ತೆ ಕೂಡಿಸಿಯೇ ಮಾತನಾಡಿದರು!

2014ರ ಜೂನ್ 11ರಂದು ಈ ವರದಾನವನ್ನು ಕುರಿತು ಬೋಧಿಸಿದ ಅಂದಿನ ಜಗದ್ಗುರು ಫ್ರಾನ್ಸಿಸರು, ದೇವಭಯವೆಂದರೆ ದೇವರಿಗೆ ಹೆದರಿ ನಡುಗುವುದಲ್ಲ ಎಂದರು. ಅದೇ ಬೋಧನೆಯಲ್ಲಿ, ಪಾಪದಲ್ಲಿ ಮೊಂಡುಬಿದ್ದವರಿಗೆ ಅದು ಎಚ್ಚರಿಕೆಯೂ ಹೌದೆಂದರು. ಮೊದಲ ಮಾತು ನಮಗೆ ನೆನಪಿರುತ್ತದೆ, ಎರಡನೆಯದು ಮರೆತುಹೋಗುತ್ತದೆ.

ಯಾಜಕಕಾಂಡದ 19ನೇ ಅಧ್ಯಾಯವನ್ನು ತೆರೆದು ನೋಡಿ. ಕಿವುಡನನ್ನು ಶಪಿಸಬಾರದು, ಕುರುಡನ ದಾರಿಯಲ್ಲಿ ಎಡವುಗಲ್ಲನ್ನು ಇಡಬಾರದು, ದೇವರಿಗೆ ಭಯಪಡಬೇಕು ಎಂಬ ಕಟ್ಟಳೆ ಅಲ್ಲಿದೆ. ಕಿವುಡನಿಗೆ ಶಾಪ ಕೇಳಿಸದು. ಕುರುಡನಿಗೆ ಕಲ್ಲಿಟ್ಟ ಕೈ ಕಾಣದು. ದೂರು ಕೊಡುವವರೇ ಇಲ್ಲ. ಅಂತಹ ಎಡೆಯಲ್ಲಿ ದೇವಭಯದ ಮಾತು ಬರುತ್ತದೆ. ನರೆತ ತಲೆಯವರ ಮುಂದೆ ಎದ್ದು ನಿಲ್ಲಬೇಕೆನ್ನುವಾಗಲೂ, 25ನೇ ಅಧ್ಯಾಯದಲ್ಲಿ ಬಡವನಾದ ಸಹೋದರನಿಂದ ಬಡ್ಡಿ ಪಡೆಯಬಾರದು, ಅವನನ್ನು ಕ್ರೂರವಾಗಿ ದುಡಿಸಬಾರದು ಎನ್ನುವಾಗಲೂ ಅದೇ ಮಾತು.

ದೇವಾಲಯದ ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಬರುವ ನಮ್ಮ ಹಳ್ಳಿಗಳ ರೂಢಿ ನನಗೆ ಬಹಳ ಪ್ರಿಯ, ಅದು ಅಳಿಯಬಾರದು. ಆದರೆ ಪೀಠದ ಮುಂದೆ ಮಂಡಿಯೂರುವಾಗ ಸುತ್ತಲೂ ನೂರು ಕಣ್ಣುಗಳಿರುತ್ತವೆ. ಮನೆಗೆಲಸದಾಕೆಯ ಸಂಬಳವನ್ನು ಮುಂದಿನ ವಾರಕ್ಕೆ ತಳ್ಳುವಾಗ ಯಾರಿರುತ್ತಾರೆ? ಅಕ್ಷರ ಬಾರದ ಅಣ್ಣನಿಂದ ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ? ಗುರುಗಳಾದ ನಮಗೂ ಕಾಣಿಕೆಯ ಹಣ ಎಣಿಸುವ ಮೇಜು ಅಂತಹದೇ ಒಂದು ಸ್ಥಳ.

ಮನೆಭೇಟಿಗೆ ಹೋದಾಗ, ಮೂಲೆಯಲ್ಲಿ ಕುಳಿತ ವೃದ್ಧರ ಎದುರಿಗೇ ಅವರ ಖರ್ಚು, ಕಾಯಿಲೆ, ಹಟಗಳನ್ನು ಎಣಿಸಿ ಹೇಳುವವರಿದ್ದಾರೆ. “ಅವರಿಗೆ ಕೇಳಿಸುವುದಿಲ್ಲ ಫಾದರ್, ಪರವಾಗಿಲ್ಲ” ಎಂಬ ಸಮಾಧಾನವೂ ಜೊತೆಗೇ ಬರುತ್ತದೆ. ಮಾತು ಕೇಳಿಸದಿದ್ದರೂ ಮುಖಗಳು ಕಾಣಿಸುತ್ತವೆ ಎಂಬುದನ್ನು ಆ ಹಿರಿಯರ ಕಣ್ಣುಗಳಲ್ಲಿ ಓದಬಹುದು.

ಇನ್ನೊಂದು ಮನೆಯನ್ನೂ ಕಂಡಿದ್ದೇನೆ. ಅಲ್ಲಿನ ಅಜ್ಜಿಗೂ ಕಿವಿ ಪೂರ್ತಿ ಹೋಗಿದೆ. ಸಂಜೆ ಜಪಸರಕ್ಕೆ ಕುಳಿತಾಗ ಮೊಮ್ಮಗಳು ಪಕ್ಕದಲ್ಲೇ ಕುಳಿತು, ಒಂದೊಂದು ನಮೋ ಮರಿಯ ಮುಗಿದಾಗಲೂ ಅಜ್ಜಿಯ ಮುಂಗೈಯನ್ನು ಮೆಲ್ಲನೆ ಮುಟ್ಟುತ್ತಾಳೆ. ಅಜ್ಜಿ ಒಂದು ಮಣಿ ಸರಿಸುತ್ತಾರೆ. ಐದು ದಶಕಗಳಿಗೆ ಐವತ್ತು ಸಲ. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲವಂತೆ. ಒಂದು ಸಂಜೆ ನಾನೂ ಅವರೊಡನೆ ಕುಳಿತಿದ್ದೆ. ಕೊನೆಯ ಮಣಿಗೆ ಎಲ್ಲರಿಗಿಂತ ಗಟ್ಟಿಯಾಗಿ ‘ಆಮೆನ್’ ಎಂದವರು ಆ ಅಜ್ಜಿಯೇ.