ಬೋಳು ದೀಪ

ಬಾಡಿಗೆಯ ಮನೆಯನ್ನು ನೋಡಲು ಹೋದವರು ಮೊದಲು ನಲ್ಲಿ ತಿರುಗಿಸಿ ನೋಡುತ್ತಾರೆ. ಅನಂತರ ಅಡುಗೆಮನೆಗೆ ಗಾಳಿ ಆಡುತ್ತದೆಯೇ ಎಂದು ವಿಚಾರಿಸುತ್ತಾರೆ. ದೇವರಿಗೊಂದು ಮೂಲೆಯನ್ನು ಹುಡುಕುತ್ತಾರೆ. ತಲೆಯೆತ್ತಿ ದೀಪವನ್ನು ನೋಡುವವರು ವಿರಳ. ಅಲ್ಲಿ ನೋಡುವುದಕ್ಕಾದರೂ ಏನಿದೆ? ಚಾವಣಿಯ ನಡುವೆ ಒಂದು ಕರಿಯ ಹೋಲ್ಡರು, ಅದರ ಬಾಯಲ್ಲಿ ಒಂದು ಬೋಳು ಬಲ್ಬು. ಮನೆ ನೋಡುವುದು ಹಗಲಿನಲ್ಲಿ. ದೀಪದ ಸ್ವಭಾವ ತಿಳಿಯುವುದು ಮುಂಗಡ ಕೊಟ್ಟ ಮೇಲೆ, ರಾತ್ರಿಯಲ್ಲಿ.

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಯೊಂದರಲ್ಲಿ ಮಹಡಿಯ ಮನೆ ಹಿಡಿದಿದ್ದ ಒಂದು ಸಂಸಾರಕ್ಕಂತೂ ಮೂರು ವರ್ಷವಾದರೂ ಅದು ತಿಳಿದಿರಲಿಲ್ಲ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವವರು. ಸಂಜೆ ಗುಂಡಿ ಒತ್ತಿದರೆ ಬೆಳಕು, ರಾತ್ರಿ ಒತ್ತಿದರೆ ಕತ್ತಲೆ. ಅದಕ್ಕಿಂತ ಹೆಚ್ಚಿನ ವ್ಯವಹಾರ ಅವರಿಗೂ ದೀಪಕ್ಕೂ ಇರಲಿಲ್ಲ. ಗೋಡೆಗೆ ಮೊಳೆ ಹೊಡೆಯಕೂಡದು, ಚಾವಣಿಯನ್ನು ಕೊರೆಯಕೂಡದು ಎಂಬುದು ಮನೆಯ ಒಡೆಯರ ಕರಾರು. ಮೀರಿದರೆ, ಮನೆ ಬಿಡುವಾಗ ಸುಣ್ಣಬಣ್ಣದ ಖರ್ಚಿನ ಜೊತೆಗೆ ಅದನ್ನೂ ಮುಂಗಡದಲ್ಲಿ ಮುರಿದುಕೊಳ್ಳುವರು. ಒಡೆಯರ ಮಾತಿನಲ್ಲಿಯೂ ನ್ಯಾಯವಿಲ್ಲದಿರಲಿಲ್ಲ. ಹಿಂದಿದ್ದವರು ಬಿಟ್ಟುಹೋದ ತೂತುಗಳು ಗೋಡೆಯ ಮೇಲೆ ಸಿಡುಬಿನ ಕಲೆಗಳಂತೆ ಇನ್ನೂ ಕಾಣುತ್ತಿದ್ದವು.

ಕಣ್ಣಿನ ಪೊರೆಯ ಶಸ್ತ್ರಕ್ರಿಯೆಗೆಂದು ಪುತ್ತೂರಿನ ಕಡೆಯಿಂದ ಮಗನ ತಾಯಿ ಬಂದರು. ಕೋಣೆ ಒಂದೇ ಆದುದರಿಂದ ಅವರ ಹಾಸಿಗೆ ನಡುಮನೆಯಲ್ಲಿ, ಬಲ್ಬಿನ ನೇರ ಕೆಳಗೆ. ಪೊರೆ ಬೆಳೆದ ಕಣ್ಣಿನೊಳಗೆ ಬೆಳಕು ಚದುರಿ ಕುಕ್ಕುತ್ತದೆ. ಪೊರೆಯನ್ನು ತೆಗೆದ ಮೇಲೂ ಕೆಲವು ಕಾಲ ಬೆಳಕು ಪ್ರಖರವಾಗಿ ತೋರುವುದುಂಟು. ಅಮ್ಮ ಏನನ್ನೂ ಹೇಳಲಿಲ್ಲ. ಎಂಟು ಗಂಟೆಗೆ ಊಟ ಮುಗಿಸಿ, ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಮಲಗುತ್ತಿದ್ದರು. ಅಮ್ಮನಿಗೆ ನಿದ್ರೆ ಬಂದಿದೆಯೆಂದು ತಿಳಿದ ಮಗನೂ ಸೊಸೆಯೂ ಸದ್ದು ಮಾಡದೆ ಹನ್ನೊಂದರವರೆಗೆ ಅದೇ ದೀಪದ ಕೆಳಗೆ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದರು. ಸದ್ದಿನ ವಿಷಯದಲ್ಲಿ ಅವರದು ಬಹಳ ಎಚ್ಚರಿಕೆ.

ಕಥೆ ಕೇಳಲು ಅಜ್ಜಿಯ ಪಕ್ಕದಲ್ಲಿ ಮಲಗಿದ ಮೊಮ್ಮಗಳು ಒಂದು ರಾತ್ರಿ ಕೇಳಿಬಿಟ್ಟಳು: “ಅಜ್ಜೀ, ದೀಪ ಕಣ್ಣಿಗೆ ಚುಚ್ಚುತ್ತದೆ. ನಿನಗೆ ಚುಚ್ಚುವುದಿಲ್ಲವೇ?”

“ಚುಚ್ಚುತ್ತದೆ ಮಗಾ. ಸೆರಗಿದೆಯಲ್ಲ.”

ಮಗ ಎದ್ದು ಬಂದು ತಾಯಿಯ ಮಗ್ಗುಲಲ್ಲಿ ನೆಲದ ಮೇಲೆ ಮಲಗಿ ಮೇಲೆ ನೋಡಿದ. ಮೂರು ವರ್ಷಗಳಲ್ಲಿ ಅದೇ ಮೊದಲು. ಒಂದು ನಿಮಿಷಕ್ಕಿಂತ ಹೆಚ್ಚು ನೋಡಲಾಗಲಿಲ್ಲ. ಚಾವಣಿಯ ದೀಪವನ್ನು ತೂಗುಹಾಕುವುದು ನಿಂತವರಿಗಾಗಿ, ಓಡಾಡುವವರಿಗಾಗಿ. ಮಲಗಿದವರ ಲೆಕ್ಕ ಅಲ್ಲಿಲ್ಲ. ಕೂಸು, ಬಾಣಂತಿ, ರೋಗಿ, ಮುದುಕರು—ಮನೆಯಲ್ಲಿ ಹೆಚ್ಚು ಹೊತ್ತು ದೀಪದ ಮುಖ ನೋಡುವವರು ಇವರೇ, ದೂರು ಹೇಳದವರೂ ಇವರೇ.

ಹಿಂದಿನವರ ಸೀಮೆಎಣ್ಣೆಯ ಲಾಂದ್ರವನ್ನು ನೆಲದ ಮೇಲೋ ಗೂಡಿನಲ್ಲೋ ಇಡುತ್ತಿದ್ದರು. ಬೇಡವಾದರೆ ಬತ್ತಿಯನ್ನು ಇಳಿಸುತ್ತಿದ್ದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಗಿ, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದಿತು. ಬೀದಿಯ ದೀಪ ಎತ್ತರದಲ್ಲಿ ಬೋಳಾಗಿ ಉರಿದರೆ ಅಡ್ಡಿಯಿಲ್ಲ. ಬೀದಿಯಲ್ಲಿ ಯಾರೂ ಮಲಗಿ ಕಥೆ ಹೇಳುವುದಿಲ್ಲ. ಅದನ್ನೇ ಮನೆಯೊಳಕ್ಕೆ ಕರೆದವರು ಅದಕ್ಕೆ ಒಂದು ಮುಸುಕು ಹಾಕುವುದನ್ನು ಮರೆತರೆಂದು ತೋರುತ್ತದೆ.

ಸೊಸೆ ಮರುದಿನವೇ ಬಲ್ಬನ್ನು ಬದಲಾಯಿಸಿದಳು. ಹಳೆಯದರ ಮೇಲೆ 6500 ಕೆಲ್ವಿನ್ ಎಂದಿತ್ತು, ನೀಲಿ ಬೆರೆತ ಬಿಳುಪು. ಹೊಸದರ ಮೇಲೆ 2700, ಎಣ್ಣೆದೀಪದ ಕಡೆಗೆ ವಾಲುವ ಹಳದಿ. ಅರ್ಧ ಉಪಶಮನವಾಯಿತು. ಮಗ ತೆಳ್ಳನೆಯ ಬಟ್ಟೆಯೊಂದನ್ನು ಬಲ್ಬಿಗೇ ಕಟ್ಟಲು ಹೊರಟಾಗ ಅಮ್ಮ ಬೇಡವೆಂದರು. ತಂತಿ ಕಾಯುವ ಹಳೆಯ ಬಲ್ಬಿಗೆ ಕಾಗದ ಸುತ್ತಿ, ಅದು ಕಂದಿ ಹೊಗೆಯಾಡಿದುದನ್ನು ಕಂಡವರು ಅವರು. ಆ ಬಲ್ಬುಗಳು ನುಂಗಿದ ವಿದ್ಯುತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಿಸಿಯಾಗಿಯೇ ಹೋಗುತ್ತಿತ್ತು. ಈಗಿನ 9 ವಾಟಿನ ಎಲ್‌ಇಡಿ ಅಷ್ಟು ಸುಡದು. ಆದರೆ ಅದರ ಕೊರಳಿನಲ್ಲಿರುವ ಸೂಕ್ಷ್ಮ ಭಾಗಗಳಿಗೆ ಬಿಸಿಯೇ ಶತ್ರು, ಬಿಗಿಯಾಗಿ ಮುಚ್ಚಿದರೆ ಆಯುಸ್ಸು ಕಡಮೆಯಾಗುತ್ತದೆ. ಬೆಳಕಿಗೆ ಮರೆ ಬೇಕು, ಬಿಸಿಗೆ ದಾರಿ ಬೇಕು.

ಅಮ್ಮನಿಗೆ ನೆನಪಾದುದು ಊರಿನ ದೀಪಾವಳಿಯ ಗೂಡುದೀಪ. ಹರಿದುಹೋಗಿದ್ದ ಬಿದಿರಿನ ಪರದೆಯಿಂದ ಕಡ್ಡಿಗಳನ್ನು ಬಿಡಿಸಿಕೊಂಡರು. ಸೊಸೆ ಮೈದಾಹಿಟ್ಟಿನ ಅಂಟು ಕಾಯಿಸಿದಳು. ಬಣ್ಣದ ಕಾಗದ ಬೇಡ, ಬಿಳಿಯದೇ ಇರಲಿ ಎಂದಾಯಿತು. ಅಂಗಡಿಯ ಮುಸುಕುಗಳ ಕೆಳಬಾಯಿ ಸಾಮಾನ್ಯವಾಗಿ ತೆರೆದಿರುತ್ತದೆ. ಅಮ್ಮ ಮಾತ್ರ ಕೆಳಗಿನ ಮುಖಕ್ಕೇ ಮೊದಲು ಕಾಗದ ಅಂಟಿಸಿದರು. ಮಲಗಿದವರು ನೋಡುವುದು ಅದನ್ನಲ್ಲವೇ? ಬಿಸಿ ಹೋಗಲು ಮೇಲ್ಗಡೆ ತೆರವಾಗಿಯೇ ಉಳಿಯಿತು. ಜಪಾನಿನ ಗಿಫು ನಗರದಲ್ಲಿ 1951ರಲ್ಲಿ ಶಿಲ್ಪಿ ಇಸಾಮು ನೊಗುಚಿ ಬಿದಿರು ಕಾಗದಗಳ ಸಾಂಪ್ರದಾಯಿಕ ಲಾಂದ್ರವನ್ನು ಕಂಡು, ವಿದ್ಯುದ್ದೀಪಕ್ಕೆ ಅಂಥದೇ ಉಡುಗೆ ತೊಡಿಸತೊಡಗಿದ; ಲೋಕವೆಲ್ಲ ಮೆಚ್ಚಿತು. ಪುತ್ತೂರಿನವರಿಗೆ ಅದರಲ್ಲಿ ಅಷ್ಟೊಂದು ಬೆರಗೇನೂ ಕಾಣದು.

ಮೊಳೆಯಿಲ್ಲದೆ ತೂಗುಹಾಕುವುದೆಂತು? ಉತ್ತರ ಹೋಲ್ಡರಿನಲ್ಲಿಯೇ ಇತ್ತು. ಹಳೆಯ ಮಾದರಿಯ ಬೇಕಲೈಟ್ ಹೋಲ್ಡರಿನ ಕೊರಳಿಗೆ ತಿರುಪಿನ ಬಳೆಯೊಂದಿರುತ್ತದೆ. ಮುಸುಕನ್ನು ಸಿಕ್ಕಿಸುವುದಕ್ಕೆಂದೇ ಅದನ್ನು ಮಾಡಿರುವುದು. ಎಷ್ಟೋ ಮನೆಗಳಲ್ಲಿ ಅದನ್ನು ಯಾರೂ ಒಮ್ಮೆಯೂ ತಿರುಗಿಸಿರುವುದಿಲ್ಲ. ಮಗ ಮೈನ್ ಸ್ವಿಚ್ಚನ್ನು ಆರಿಸಿ, ಸ್ಟೂಲು ಹತ್ತಿ, ಬಳೆ ಬಿಚ್ಚಿ, ಗೂಡಿನ ಕೊರಳನ್ನು ಸೇರಿಸಿ ಮತ್ತೆ ಬಿಗಿದ. ಹೂವಿನ ಬುಟ್ಟಿಯಷ್ಟೂ ಭಾರವಿರಲಿಲ್ಲ. ಆ ರಾತ್ರಿ ಅಮ್ಮ ಸೆರಗನ್ನು ಎಳೆದುಕೊಳ್ಳಲಿಲ್ಲ. ಕಥೆ ಎಂದಿಗಿಂತ ಉದ್ದವಾಯಿತು. ಕೇಳುವವಳು ಮೊದಲೇ ನಿದ್ರೆಹೋದಳು.

ಅಮ್ಮ ಊರಿಗೆ ಮರಳಿದ ಎರಡು ವರ್ಷಗಳ ಮೇಲೆ ಸಂಸಾರ ಆ ಮನೆಯನ್ನು ಬಿಟ್ಟಿತು. ಒಡೆಯರು ಬಂದು ಗೋಡೆಗಳನ್ನೆಲ್ಲ ಸವರಿ ನೋಡಿದರು; ಹೊಸ ತೂತು ಒಂದೂ ಇಲ್ಲ. ನಡುಮನೆಯಲ್ಲಿ ತಲೆಯೆತ್ತಿ, “ಇದು ಮನೆಯದೋ, ನಿಮ್ಮದೋ?” ಎಂದು ಕೇಳಿದರು.

“ನಮ್ಮತ್ತೆಯವರದು” ಎಂದು ಸೊಸೆ ಬಳೆ ತಿರುಗಿಸಿ ಗೂಡನ್ನು ಇಳಿಸಿಕೊಂಡಳು. ಬಲ್ಬು ಮತ್ತೆ ಬೋಳಾಯಿತು. ಲಾರಿಯಲ್ಲಿ ಸಾಮಾನುಗಳ ನಡುವೆ ಗೂಡು ನಜ್ಜುಗುಜ್ಜಾದೀತೆಂದು ಆಟೋರಿಕ್ಷಾದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊಸ ಮನೆಗೆ ಹೋದಳು. ಸಂಜೆ ಊರಿನಿಂದ ಫೋನು ಬಂದಿತು. ಅಮ್ಮ ಬಾಡಿಗೆ ಎಷ್ಟೆಂದು ಕೇಳಲಿಲ್ಲ, ನೀರು ಬರುತ್ತದೆಯೇ ಎಂದೂ ಕೇಳಲಿಲ್ಲ.

“ಅಲ್ಲಿಯ ಹೋಲ್ಡರಿಗೆ ಬಳೆ ಇದೆಯೇ, ನೋಡಿದೆಯಾ?” ಎಂದರು.